ಹಳೆಯ ಪಿಕಪ್ ಟ್ರಕ್‌ನಲ್ಲಿ ವಿದ್ಯುತ್ ದೋಷ ಪತ್ತೆ: ಬ್ಯಾಟರಿಯಿಂದ ಟೇಲ್ ಲೈಟ್‌ವರೆಗೆ ಸಮಗ್ರ ಮಾರ್ಗದರ್ಶಿ

ಹಳೆಯ ಪಿಕಪ್ ಬೆಳಿಗ್ಗೆ ಸ್ಟಾರ್ಟ್ ಆಗಲಿಲ್ಲವೆಂದರೆ ಮೊದಲು ಬ್ಯಾಟರಿ ಬದಲಾಗುತ್ತದೆ. ಕೆಲವೇ ದಿನಗಳಲ್ಲಿ ಅದೇ ತೊಂದರೆ ಮರುಕಳಿಸಿದಾಗ, ಬ್ಯಾಟರಿಗೆ ಚಾರ್ಜ್ ಕೊಡುವ ಆಲ್ಟರ್ನೇಟರ್ ಬದಲಾಗುತ್ತದೆ, ಆಮೇಲೆ ಸ್ಟಾರ್ಟರ್ ಮೋಟಾರಿನ ಸರದಿ ಬರುತ್ತದೆ. ಇಷ್ಟು ಖರ್ಚಾದ ಮೇಲೆ, ಎಂಜಿನ್ನಿಂದ ಚಾಸಿಗೆ ಹೋಗುವ, ಕರೆಂಟನ್ನು ಬ್ಯಾಟರಿಗೆ ಮರಳಿಸುವ ಒಂದು ಅರ್ಥ್ ಪಟ್ಟಿ ಕಿಲುಬು ಹಿಡಿದು ಕುಳಿತಿತ್ತು ಎಂಬುದು ಬೆಳಕಿಗೆ ಬರುತ್ತದೆ. ಈ ಕೆಲಸದಲ್ಲಿ ಮತ್ತೆ ಮತ್ತೆ ಸೋಲುವವರ ತೊಡಕು ಸಾಮಾನ್ಯವಾಗಿ ಎರಡೇ: ಅಳತೆ ಮಾಡುವ ಮೊದಲೇ ಭಾಗ ಬದಲಿಸುತ್ತಾರೆ, ಅಥವಾ ಅಳತೆ ಮಾಡಿದರೂ ಕರೆಂಟ್ ಹರಿಯದೇ ಇರುವಾಗ ಅಳೆಯುತ್ತಾರೆ. ಕೆಳಗಿನ ಹಂತಗಳನ್ನು ಕೊಟ್ಟಿರುವ ಕ್ರಮದಲ್ಲಿಯೇ ಅನುಸರಿಸಬೇಕೆಂದು ಒತ್ತಿ ಹೇಳುತ್ತೇನೆ, ಏಕೆಂದರೆ ಬ್ಯಾಟರಿ ಮತ್ತು ಮುಖ್ಯ ಕೇಬಲ್‌ಗಳು ಸರಿಯಿವೆ ಎಂದು ಖಚಿತವಾಗುವವರೆಗೆ ಮುಂದಿನ ಯಾವ ಅಳತೆಯನ್ನೂ ನಂಬುವಂತಿಲ್ಲ.

## ಬೇಕಾಗುವ ಸಲಕರಣೆಗಳು

ಒಂದು ಡಿಜಿಟಲ್ ಮಲ್ಟಿಮೀಟರ್ ಮತ್ತು ಒಂದು ಬಲ್ಬ್ ಇರುವ ಟೆಸ್ಟ್ ಲ್ಯಾಂಪ್, ಎರಡೂ ಬೇಕು. ಮೀಟರ್ ಒಂದರಿಂದಲೇ ಎಲ್ಲವನ್ನೂ ಮಾಡುತ್ತೇನೆಂದು ಹೊರಡುವವರು ಒಂದು ಬಗೆಯ ದೋಷದಲ್ಲಿ ಖಂಡಿತ ಮೋಸ ಹೋಗುತ್ತಾರೆ. ಡಿಜಿಟಲ್ ಮೀಟರ್ ತಾನು ಅಳೆಯುವ ವೈರಿನಿಂದ ಬಹುತೇಕ ಕರೆಂಟನ್ನೇ ಎಳೆಯುವುದಿಲ್ಲವಾದ್ದರಿಂದ, ಕಿಲುಬು ಹಿಡಿದು ತಡೆ ಬಹಳ ಹೆಚ್ಚಿದ ವೈರಿನಲ್ಲೂ ಅದು 12 ವೋಲ್ಟ್ ತೋರಿಸುತ್ತದೆ. ಅದೇ ವೈರಿಗೆ ಟೆಸ್ಟ್ ಲ್ಯಾಂಪ್ ಮುಟ್ಟಿಸಿದರೆ ಬಲ್ಬು ಮಂಕಾಗಿ ಉರಿದು ಸತ್ಯ ಹೇಳುತ್ತದೆ. ಆದರೆ ಎಂಜಿನ್ ಕಂಪ್ಯೂಟರ್, ಸೆನ್ಸರ್ ಮತ್ತು ಏರ್‌ಬ್ಯಾಗ್ ವೈರ್‌ಗಳಿಗೆ ಟೆಸ್ಟ್ ಲ್ಯಾಂಪ್ ಮುಟ್ಟಿಸಲೇಬಾರದು. ಅದು ಎಳೆಯುವ ಕರೆಂಟ್ ಆ ಸೂಕ್ಷ್ಮ ಸರ್ಕ್ಯೂಟ್‌ಗಳನ್ನು ಸುಡಬಲ್ಲದು.

ಇವುಗಳ ಜೊತೆಗೆ ಟ್ರಕ್‌ನ ಉದ್ದಕ್ಕಿಂತ ಸ್ವಲ್ಪ ಹೆಚ್ಚಿರುವ ಒಂದು ಉದ್ದನೆಯ ವೈರು, ಅದರ ಎರಡೂ ತುದಿಗೆ ಕಚ್ಚುವ ಕ್ಲಿಪ್, ತಂತಿ ಬ್ರಷ್, ನುಣುಪಾದ ಮರಳುಕಾಗದ, ವೈರಿನ ಮೇಲಿನ ಲೋಹದ ಕೊಳವೆಯನ್ನು ಒತ್ತಿ ಬಿಗಿಯುವ ಸರಿಯಾದ ಕ್ರಿಂಪಿಂಗ್ ಇಕ್ಕಳ, ಬಿಸಿ ಮಾಡಿದಾಗ ಕುಗ್ಗುವ, ಒಳಗೆ ಅಂಟು ಇರುವ ಹೀಟ್‌ಶ್ರಿಂಕ್ ಕೊಳವೆ, ಬಿಡಿ ಫ್ಯೂಸ್‌ಗಳು ಮತ್ತು ಒಂದು ಹಳೆಯ ಹೆಡ್‌ಲೈಟ್ ಬಲ್ಬ್ ಇರಲಿ. ನಿಮ್ಮ ಮಾದರಿಯ, ನಿಮ್ಮದೇ ವರ್ಷದ ವೈರಿಂಗ್ ನಕ್ಷೆ ಸಿಕ್ಕಿದರೆ ಅರ್ಧ ಕೆಲಸ ಮುಗಿದಂತೆ. ಒಂದೇ ಮಾದರಿಯಲ್ಲಿಯೂ ವರ್ಷದಿಂದ ವರ್ಷಕ್ಕೆ ವೈರಿನ ಬಣ್ಣ ಬದಲಾಗಿರುತ್ತದೆ ಎಂಬುದನ್ನು ಮರೆಯಬೇಡಿ.

## ಕೈ ಹಾಕುವ ಮೊದಲು

ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಅನಿಲ ಬಿಡುತ್ತದೆ, ಒಂದು ಕಿಡಿ ಸಾಕು ಅದು ಸ್ಫೋಟಿಸಲು. ಕಣ್ಣಿಗೆ ರಕ್ಷಣೆಯ ಕನ್ನಡಕ ಹಾಕಿಕೊಳ್ಳಿ. ಉಂಗುರ, ಬಳೆ, ಲೋಹದ ಪಟ್ಟಿಯ ಗಡಿಯಾರಗಳನ್ನು ತೆಗೆದಿಡಿ. ಬಿಚ್ಚುವಾಗ ಅರ್ಥ್ ಕೇಬಲ್ ಮೊದಲು ಬಿಚ್ಚಬೇಕು, ಹಾಕುವಾಗ ಅದನ್ನೇ ಕೊನೆಗೆ ಹಾಕಬೇಕು. ಈ ಕ್ರಮ ತಪ್ಪಿ, ಪಾಸಿಟಿವ್ ನಟ್ಟಿಗೆ ಹಾಕಿದ ಸ್ಪ್ಯಾನರ್ ಬಾಡಿಗೆ ತಗುಲಿದರೆ ಬ್ಯಾಟರಿಯ ಪೂರ್ತಿ ಕರೆಂಟ್ ಆ ಸ್ಪ್ಯಾನರ್ ಮೂಲಕ ಹರಿಯುತ್ತದೆ.

ಇನ್ನೆರಡು ಸಂಗತಿ ಖಚಿತಪಡಿಸಿಕೊಳ್ಳಿ. ಇಲ್ಲಿ ಕೊಟ್ಟಿರುವ ಎಲ್ಲ ಅಂಕಿಗಳು 12 ವೋಲ್ಟ್ ವಾಹನಕ್ಕೆ ಅನ್ವಯಿಸುತ್ತವೆ; ಕೆಲವು ಡೀಸೆಲ್ ವಾಹನಗಳಲ್ಲಿ 24 ವೋಲ್ಟ್, ತೀರಾ ಹಳೆಯ ಕೆಲವುಗಳಲ್ಲಿ 6 ವೋಲ್ಟ್ ಇರುತ್ತದೆ. ಅಲ್ಲದೆ ತೀರಾ ಹಳೆಯ ಕೆಲವು ವಾಹನಗಳಲ್ಲಿ ಬ್ಯಾಟರಿಯ ಪಾಸಿಟಿವ್ ತುದಿಯೇ ಚಾಸಿಗೆ ಜೋಡಿಸಿರುತ್ತದೆ. ಕೇಬಲ್ ಎಲ್ಲಿಗೆ ಹೋಗಿದೆ ಎಂಬುದನ್ನು ಕಣ್ಣಾರೆ ನೋಡದೆ ಮೀಟರ್ ಕಡ್ಡಿ ಇಡಬೇಡಿ.

## ಹಂತ 1: ದೂರನ್ನು ಬರೆದುಕೊಳ್ಳುವುದು

ಸಲಕರಣೆ ಮುಟ್ಟುವ ಮೊದಲು, ಏನು ಕೆಲಸ ಮಾಡುತ್ತಿಲ್ಲ, ಏನು ಮಾಡುತ್ತಿದೆ, ಯಾವಾಗ ಕೆಡುತ್ತದೆ ಎಂಬ ಮೂರನ್ನೂ ಬರೆಯಿರಿ. ಎಡ ಟೇಲ್ ಲೈಟ್ ಮಾತ್ರ ಮಂಕಾಗಿದೆಯೋ ಎರಡೂ ಮಂಕಾಗಿವೆಯೋ, ಮಳೆ ಬಂದಾಗ ಮಾತ್ರವೋ, ಎಂಜಿನ್ ಬಿಸಿಯಾದ ಮೇಲೆಯೋ, ಬಾಗಿಲು ತೆರೆದಾಗಲೋ ಎಂಬ ವಿವರಗಳು ಹುಡುಕಾಟದ ಜಾಗವನ್ನು ಬಹಳ ಕಿರಿದಾಗಿಸುತ್ತವೆ. ಸಂಬಂಧವಿಲ್ಲದ ಹಲವು ಉಪಕರಣಗಳು ಒಟ್ಟಿಗೆ ಕೆಟ್ಟರೆ ಅವೆಲ್ಲ ಹಂಚಿಕೊಂಡಿರುವ ಫ್ಯೂಸ್, ಇಗ್ನಿಷನ್ ಸ್ವಿಚ್ ಅಥವಾ ಅರ್ಥಿಂಗ್ ಕಡೆಗೆ ನೋಡಬೇಕು. ಡ್ಯಾಶ್‌ಬೋರ್ಡಿನ ಇಂಧನ ಮತ್ತು ಉಷ್ಣತೆಯ ಮುಳ್ಳುಗಳು ಎರಡೂ ಒಂದೇ ಸಲ ಮೇಲಕ್ಕೋ ಕೆಳಕ್ಕೋ ಹೋದರೆ ಎರಡು ಮೀಟರ್ ಒಟ್ಟಿಗೆ ಕೆಟ್ಟಿವೆ ಎಂದು ತಿಳಿಯಬೇಡಿ. ಹಲವು ಹಳೆಯ ವಾಹನಗಳಲ್ಲಿ ಅವೆರಡಕ್ಕೂ ವೋಲ್ಟೇಜ್ ಕೊಡುವ ಒಂದು ಸಣ್ಣ ಸ್ಟೆಬಿಲೈಸರ್ ಡ್ಯಾಶ್‌ಬೋರ್ಡಿನ ಹಿಂದಿರುತ್ತದೆ. ಅದನ್ನೂ ಅದರ ಅರ್ಥಿಂಗನ್ನೂ ಮೊದಲು ನೋಡಿ.

ಹಿಂದಿನ ಮಾಲೀಕರು ಸೇರಿಸಿದ ವೈರಿಂಗ್‌ಗೂ ಈಗಲೇ ಒಂದು ಸುತ್ತು ಹಾಕಿ. ಹೆಚ್ಚುವರಿ ಲೈಟು, ಸ್ಟೀರಿಯೋ, ಹಾರ್ನ್, ಟ್ರೇಲರ್ ಸಾಕೆಟ್ ಇವುಗಳಿಗಾಗಿ ಮೂಲ ವೈರನ್ನು ಸುಲಿದು, ತಿರುಚಿ, ಟೇಪ್ ಸುತ್ತಿದ ಜಾಗಗಳು ಎಲ್ಲೆಲ್ಲಿವೆ ಎಂದು ಗುರುತು ಹಾಕಿಕೊಳ್ಳಿ. ಹಳೆಯ ಪಿಕಪ್‌ಗಳಲ್ಲಿ ದೋಷ ಬಹುಪಾಲು ಇಂಥ ಜಾಗಗಳಲ್ಲಿಯೇ ಇರುತ್ತದೆ.

## ಹಂತ 2: ಬ್ಯಾಟರಿಯ ನಿಜಸ್ಥಿತಿ

ವಾಹನ ಕೆಲವು ಗಂಟೆ ನಿಂತ ಮೇಲೆ ಅಳೆಯಬೇಕು. ಆಗಷ್ಟೇ ಓಡಿಸಿದ್ದರೆ ಹೆಡ್‌ಲೈಟನ್ನು ಒಂದೆರಡು ನಿಮಿಷ ಉರಿಸಿ, ಆರಿಸಿ, ಸ್ವಲ್ಪ ಹೊತ್ತು ಬಿಟ್ಟು ಅಳೆಯಿರಿ. ಇಲ್ಲವಾದರೆ ಮೇಲ್ಮೈಯ ಚಾರ್ಜ್ ಸುಳ್ಳು ಅಂಕಿ ಕೊಡುತ್ತದೆ. ಪೂರ್ತಿ ಚಾರ್ಜ್ ಆದ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. 12.4 ಎಂದರೆ ಸುಮಾರು ಮುಕ್ಕಾಲು ಭಾಗ, 12.2 ಎಂದರೆ ಅರ್ಧ ಭಾಗ. 12ಕ್ಕಿಂತ ಕೆಳಗಿದ್ದರೆ ಮೊದಲು ಚಾರ್ಜ್ ಮಾಡಿ, ಆಮೇಲೆ ಪರೀಕ್ಷೆ ಮುಂದುವರಿಸಿ.

ಈ ಅಂಕಿ ಬ್ಯಾಟರಿಯ ತಾಕತ್ತನ್ನು ಹೇಳುವುದಿಲ್ಲ. ತಾಕತ್ತು ತಿಳಿಯಲು ಎಂಜಿನ್ ಸ್ಟಾರ್ಟ್ ಆಗದಂತೆ ಮಾಡಿ, ಅಂದರೆ ಪೆಟ್ರೋಲ್ ಎಂಜಿನ್ನಿನಲ್ಲಿ ಇಗ್ನಿಷನ್ ಕಾಯಿಲ್‌ಗೆ ವಿದ್ಯುತ್ ಕೊಡುವ ವೈರನ್ನೂ, ಡೀಸೆಲ್ ಎಂಜಿನ್ನಿನಲ್ಲಿ ಇಂಧನ ನಿಲ್ಲಿಸುವ ವಿದ್ಯುತ್ಕಾಂತವಾದ ಸೊಲೆನಾಯ್ಡ್‌ನ ವೈರನ್ನೂ ಕಳಚಿ, ಮೀಟರ್ ಕಡ್ಡಿಗಳನ್ನು ಬ್ಯಾಟರಿಯ ಮೇಲಿಟ್ಟು, ಇನ್ನೊಬ್ಬರಿಂದ ಹತ್ತು ಸೆಕೆಂಡ್ ಸೆಲ್ಫ್ ಹೊಡೆಸಿ. ಗೇರ್ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್‌ಬ್ರೇಕ್ ಎಳೆದಿರಲಿ. ಸಾಧಾರಣ ಹವೆಯಲ್ಲಿ ವೋಲ್ಟೇಜ್ 9.6ಕ್ಕಿಂತ ಕೆಳಗೆ ಇಳಿಯಬಾರದು. ಪೂರ್ತಿ ಚಾರ್ಜ್ ಆಗಿದ್ದೂ ಅದಕ್ಕಿಂತ ಕೆಳಗಿಳಿದರೆ ಬ್ಯಾಟರಿ ಸೋತಿದೆ, ಇಲ್ಲವೇ ಸ್ಟಾರ್ಟರ್ ಮಿತಿಮೀರಿ ಕರೆಂಟ್ ಎಳೆಯುತ್ತಿದೆ. ಮುಚ್ಚಳ ತೆಗೆಯಬಹುದಾದ ಬ್ಯಾಟರಿಯಾದರೆ ಹೈಡ್ರೋಮೀಟರ್‌ನಿಂದ ಪ್ರತಿ ಸೆಲ್ಲಿನ ಆಮ್ಲದ ಸಾಪೇಕ್ಷ ಸಾಂದ್ರತೆಯನ್ನೂ ಅಳೆಯಿರಿ. ಪೂರ್ತಿ ಚಾರ್ಜ್ ಆದ ಸೆಲ್ಲಿನಲ್ಲಿ ಅದು ಸುಮಾರು 1.265 ಇರುತ್ತದೆ, ಒಂದು ಸೆಲ್ ಉಳಿದವಕ್ಕಿಂತ 0.050ರಷ್ಟು ಕೆಳಗಿದ್ದರೆ ಆ ಬ್ಯಾಟರಿಯನ್ನು ಎಷ್ಟು ಚಾರ್ಜ್ ಮಾಡಿದರೂ ಪ್ರಯೋಜನವಿಲ್ಲ.

ಸ್ಟಾರ್ಟರನ್ನು ಒಂದೇ ಸಮನೆ ಹತ್ತು ಹದಿನೈದು ಸೆಕೆಂಡಿಗಿಂತ ಹೆಚ್ಚು ತಿರುಗಿಸಬೇಡಿ. ನಡುವೆ ಒಂದೆರಡು ನಿಮಿಷ ತಣಿಯಲು ಬಿಡಿ.

## ಹಂತ 3: ದಪ್ಪ ಕೇಬಲ್‌ಗಳು ಮತ್ತು ಅರ್ಥಿಂಗ್

ಹೆಚ್ಚಿನವರು ಬಿಟ್ಟುಬಿಡುವ ಹಂತ ಇದು. ಇಡೀ ಕೆಲಸದಲ್ಲಿ ಅತಿ ಹೆಚ್ಚು ಫಲ ಕೊಡುವುದೂ ಇದೇ. ಕೇಬಲ್ ಸರಿಯಿದೆಯೇ ಎಂದು ನೋಡಲು ಜನ ಮೀಟರನ್ನು ಓಮ್‌ಗೆ ತಿರುಗಿಸಿ ಎರಡು ತುದಿಗೆ ಹಿಡಿಯುತ್ತಾರೆ, ಸೊನ್ನೆ ಬಂತೆಂದು ನೆಮ್ಮದಿ ಪಡುತ್ತಾರೆ. ಸ್ಟಾರ್ಟರ್ ಎಳೆಯುವುದು ನೂರಾರು ಆಂಪಿಯರ್. ಜೋಡಣೆಯಲ್ಲಿ ಓಮ್‌ನ ನೂರನೇ ಒಂದು ಭಾಗದಷ್ಟು ತಡೆ ಇದ್ದರೂ 200 ಆಂಪಿಯರ್ ಹರಿಯುವಾಗ ಅಲ್ಲಿಯೇ 2 ವೋಲ್ಟ್ ಕಳೆದುಹೋಗುತ್ತದೆ ಮತ್ತು 400 ವ್ಯಾಟ್‌ನಷ್ಟು ಶಾಖ ಹುಟ್ಟುತ್ತದೆ. ಅಷ್ಟು ಸಣ್ಣ ತಡೆಯನ್ನು ಸಾಮಾನ್ಯ ಮೀಟರಿನ ಓಮ್ ಅಳತೆ ಕಾಣಿಸಲಾರದು. ಆದ್ದರಿಂದ ಕರೆಂಟ್ ಹರಿಯುತ್ತಿರುವಾಗಲೇ ವೋಲ್ಟೇಜ್ ಡ್ರಾಪ್, ಅಂದರೆ ದಾರಿಯಲ್ಲಿ ಕಳೆದುಹೋಗುವ ವೋಲ್ಟೇಜ್, ಅಳೆಯಬೇಕು.

ಮೀಟರನ್ನು ಡಿಸಿ ವೋಲ್ಟ್‌ಗೆ ಇಟ್ಟು, ಕೆಂಪು ಕಡ್ಡಿಯನ್ನು ಬ್ಯಾಟರಿಯ ಪಾಸಿಟಿವ್ ಸೀಸದ ಗೂಟದ ಮೇಲೆಯೇ ಒತ್ತಿ ಹಿಡಿಯಿರಿ. ಕ್ಲ್ಯಾಂಪಿನ ಮೇಲೆ ಹಿಡಿದರೆ ಗೂಟಕ್ಕೂ ಕ್ಲ್ಯಾಂಪಿಗೂ ನಡುವಿನ ದೋಷ ಅಳತೆಗೆ ಸಿಗದೆ ತಪ್ಪಿಸಿಕೊಳ್ಳುತ್ತದೆ. ಕಪ್ಪು ಕಡ್ಡಿಯನ್ನು ಸ್ಟಾರ್ಟರಿನ ಸೊಲೆನಾಯ್ಡ್‌ನಲ್ಲಿ ಬ್ಯಾಟರಿ ಕೇಬಲ್ ಬಂದು ಸೇರುವ ಬೋಲ್ಟಿನ ಮೇಲಿಡಿ. ಸೆಲ್ಫ್ ಹೊಡೆಯುವಾಗ ಮೀಟರ್ 0.5 ವೋಲ್ಟಿಗಿಂತ ಹೆಚ್ಚು ತೋರಿಸಬಾರದು. ಈಗ ಅರ್ಥಿಂಗ್ ಕಡೆ: ಕಪ್ಪು ಕಡ್ಡಿ ಬ್ಯಾಟರಿಯ ನೆಗೆಟಿವ್ ಗೂಟದ ಮೇಲೆ, ಕೆಂಪು ಕಡ್ಡಿ ಸ್ಟಾರ್ಟರಿನ ಮೈಮೇಲೆ, ಬಣ್ಣವಿಲ್ಲದ ಬರಿ ಲೋಹಕ್ಕೆ ತಾಗುವಂತೆ. ಇಲ್ಲಿ 0.2 ವೋಲ್ಟಿನ ಆಸುಪಾಸು ಬಂದರೆ ಒಳ್ಳೆಯದು. ಹೆಚ್ಚು ಬಂದರೆ ಕಡ್ಡಿಯನ್ನು ಒಂದೊಂದೇ ಜೋಡಣೆ ಹಿಂದಕ್ಕೆ ಸರಿಸುತ್ತಾ ಹೋಗಿ. ಗೂಟದಿಂದ ಕ್ಲ್ಯಾಂಪ್, ಕ್ಲ್ಯಾಂಪಿನಿಂದ ಕೇಬಲ್, ಕೇಬಲ್‌ನಿಂದ ಲಗ್ (ಬೋಲ್ಟಿಗೆ ಸೇರುವ ಲೋಹದ ತುದಿ), ಲಗ್‌ನಿಂದ ಎಂಜಿನ್ ಬ್ಲಾಕ್: ಯಾವ ಜೋಡಣೆ ದಾಟಿದಾಗ ಅಂಕಿ ಜಿಗಿಯುತ್ತದೋ ದೋಷ ಅಲ್ಲಿದೆ. ಒಂದು ಆರೋಗ್ಯಕರ ಜೋಡಣೆಯಲ್ಲಿ 0.1 ವೋಲ್ಟಿಗಿಂತ ಹೆಚ್ಚು ಕಳೆಯಬಾರದು.

ಕೇಬಲ್ಲಿನ ಲಗ್ ಹೊರಗಿನಿಂದ ಹೊಳೆಯುತ್ತಿದ್ದರೂ ನಂಬಬೇಡಿ. ಲಗ್ಗಿಗೆ ಹತ್ತಿರದ ರಬ್ಬರ್ ಹೊದಿಕೆಯನ್ನು ಬೆರಳಿನಿಂದ ಒತ್ತಿ ನೋಡಿ. ಒಳಗೆ ಮರಳು ಇದ್ದಂತೆ ಕರಕರ ಎನ್ನುತ್ತಿದ್ದರೆ ತಾಮ್ರದ ಎಳೆಗಳು ಹಸಿರು ಪುಡಿಯಾಗಿವೆ. ಹೊದಿಕೆಯನ್ನು ಒಂದು ಬೆರಳಗಲ ಸುಲಿದರೆ, ಕೆಂಪಗಿರಬೇಕಾದ ತಂತಿ ಕಪ್ಪಾಗಿಯೋ ಹಸಿರಾಗಿಯೋ ಕಾಣುತ್ತದೆ, ಮತ್ತು ಆ ಕಿಲುಬು ಬತ್ತಿಯಲ್ಲಿ ಎಣ್ಣೆ ಏರಿದಂತೆ ಎಳೆಗಳ ನಡುವೆ ಬಹು ದೂರ ಏರಿರುತ್ತದೆ. ಇಂಥ ಕೇಬಲ್ಲಿಗೆ ತುದಿ ಮಾತ್ರ ಹೊಸದು ಹಾಕಿದರೆ ಸಾಲದು, ಕೇಬಲ್ಲನ್ನೇ ಬದಲಿಸಬೇಕು.

ಪಿಕಪ್‌ನಲ್ಲಿ ಅರ್ಥಿಂಗ್ ಮೂರು ಕಡೆ ತುಂಡಾಗುತ್ತದೆ ಎಂಬುದು ಬಹಳ ಮುಖ್ಯ. ಎಂಜಿನ್ ರಬ್ಬರ್ ಮೌಂಟಿಂಗ್ ಮೇಲೆ ಕುಳಿತಿದೆ. ಕ್ಯಾಬಿನ್ ಕೂಡ ರಬ್ಬರ್ ಮೇಲಿದೆ. ಹಿಂದಿನ ಸರಕಿನ ತೊಟ್ಟಿ ಚಾಸಿಯ ಮೇಲೆ ಬೇರೆಯೇ ಬೋಲ್ಟುಗಳಿಂದ ಕುಳಿತಿದ್ದು, ನಡುವೆ ಬಣ್ಣ, ತುಕ್ಕು, ಕೆಲವು ಕಡೆ ರಬ್ಬರ್ ಅಥವಾ ಮರದ ತುಂಡು ಇರುತ್ತದೆ. ಇವುಗಳನ್ನೆಲ್ಲ ಒಂದಕ್ಕೊಂದು ಹೆಣೆಯುವುದು ಎಂಜಿನ್ನಿನಿಂದ ಚಾಸಿಗೆ, ಎಂಜಿನ್ನಿನಿಂದ ಕ್ಯಾಬಿನ್ನಿಗೆ ಹೋಗುವ ಅರ್ಥ್ ಪಟ್ಟಿಗಳು ಮತ್ತು ಹಿಂದಿನ ಲೈಟುಗಳ ಅರ್ಥ್ ವೈರ್. ಎಂಜಿನ್ ಇಳಿಸಿ ಕೆಲಸ ಮಾಡಿದವರು ಪಟ್ಟಿಯನ್ನು ಮರಳಿ ಹಾಕಲು ಮರೆಯುವುದು ಸಾಮಾನ್ಯ. ಆಗ ಸ್ಟಾರ್ಟರಿನ ಕರೆಂಟ್ ಆಕ್ಸಿಲರೇಟರ್ ಕೇಬಲ್, ಚೋಕ್ ಕೇಬಲ್ ಅಥವಾ ಕ್ಲಚ್ ಕೇಬಲ್ ಮೂಲಕ ದಾರಿ ಹುಡುಕಿಕೊಳ್ಳುತ್ತದೆ. ಸೆಲ್ಫ್ ಹೊಡೆದ ಮೇಲೆ ಇಂಥ ಕೇಬಲ್ ಬಿಸಿಯಾಗಿದ್ದರೆ ಅಥವಾ ಅದರ ಹೊದಿಕೆ ಕರಗಿದ್ದರೆ ಮುಂದೆ ಹೋಗಬೇಡಿ, ಅರ್ಥ್ ಪಟ್ಟಿಯನ್ನು ಮೊದಲು ಹಾಕಿ. ಆಕ್ಸಿಲರೇಟರ್ ಕೇಬಲ್ ಒಳಗೆ ಬೆಸೆದುಕೊಂಡು ತೆರೆದ ಸ್ಥಿತಿಯಲ್ಲೇ ನಿಂತರೆ ಅದು ಪ್ರಾಣಕ್ಕೆ ಬರುವ ಅಪಾಯ.

## ಹಂತ 4: ಚಾರ್ಜಿಂಗ್

ಎಂಜಿನ್ ಶುರು ಮಾಡುವ ಮೊದಲು ಕೀಯನ್ನು ಆನ್ ಸ್ಥಾನಕ್ಕೆ ತಿರುಗಿಸಿ ಬ್ಯಾಟರಿ ಚಿಹ್ನೆಯ ಕೆಂಪು ದೀಪ ಉರಿಯುವುದೇ ಎಂದು ನೋಡಿ. ಎಷ್ಟೋ ಹಳೆಯ ಆಲ್ಟರ್ನೇಟರ್‌ಗಳಿಗೆ ಮೊದಲ ಚಾಲನೆಯ ಕರೆಂಟ್ ಸಿಗುವುದು ಆ ಬಲ್ಬಿನ ಮೂಲಕವೇ. ಬಲ್ಬ್ ಸುಟ್ಟಿದ್ದರೆ ಆಲ್ಟರ್ನೇಟರ್ ಸರಿಯಿದ್ದರೂ ಚಾರ್ಜ್ ಕೊಡದೇ ಇರಬಹುದು. ಬೆಲ್ಟ್ ಸಡಿಲವಾಗಿದೆಯೇ, ಒಳಮೈ ಗಾಜಿನಂತೆ ನುಣುಪಾಗಿದೆಯೇ ಎಂದೂ ನೋಡಿ.

ಎಂಜಿನ್ ಓಡುತ್ತಿರುವಾಗ, ಸುಮಾರು 1500 ಆರ್‌ಪಿಎಂನಲ್ಲಿ, ಬ್ಯಾಟರಿಯ ಮೇಲೆ 13.8ರಿಂದ 14.7 ವೋಲ್ಟ್ ಇರಬೇಕು. ಹೆಡ್‌ಲೈಟ್, ಬ್ಲೋವರ್, ವೈಪರ್ ಎಲ್ಲ ಹಾಕಿದ ಮೇಲೂ 13.2ಕ್ಕಿಂತ ಕೆಳಗೆ ಇಳಿಯಬಾರದು. 15 ದಾಟಿದರೆ ರೆಗ್ಯುಲೇಟರ್ ಅಥವಾ ಅದರ ಅರ್ಥಿಂಗ್ ಕೆಟ್ಟಿದೆ. ಬಲ್ಬುಗಳು ಮೇಲಿಂದ ಮೇಲೆ ಸುಡುವುದು, ಬ್ಯಾಟರಿಯ ನೀರು ಬೇಗ ಆರುವುದು, ಕೊಳೆತ ಮೊಟ್ಟೆಯ ವಾಸನೆ ಬರುವುದು ಇದರ ಲಕ್ಷಣ.

ಕಡಿಮೆ ವೋಲ್ಟೇಜ್ ಬಂತೆಂದ ಕೂಡಲೇ ಆಲ್ಟರ್ನೇಟರ್ ಬಿಚ್ಚಬೇಡಿ. ಹೆಡ್‌ಲೈಟ್ ಉರಿಯುತ್ತಾ ಎಂಜಿನ್ ಓಡುತ್ತಿರುವಾಗ ಆಲ್ಟರ್ನೇಟರಿನ ದಪ್ಪ ಬೋಲ್ಟಿನಿಂದ ಬ್ಯಾಟರಿ ಪಾಸಿಟಿವ್‌ವರೆಗೆ ವೋಲ್ಟೇಜ್ ಡ್ರಾಪ್ ಅಳೆಯಿರಿ, 0.5ಕ್ಕಿಂತ ಹೆಚ್ಚಿದ್ದರೆ ದೋಷ ವೈರಿನಲ್ಲಿದೆ. ಆಂಪಿಯರ್ ಮೀಟರ್ ಇರುವ ಕೆಲವು ಹಳೆಯ ವಾಹನಗಳಲ್ಲಿ ಚಾರ್ಜಿನ ಪೂರ್ತಿ ಕರೆಂಟ್ ಡ್ಯಾಶ್‌ಬೋರ್ಡಿಗೆ ಹೋಗಿ ಬರುತ್ತದೆ. ಆ ಮೀಟರಿನ ಹಿಂದಿನ ನಟ್ಟುಗಳೂ, ಎಂಜಿನ್ನಿಗೂ ಕ್ಯಾಬಿನ್ನಿಗೂ ನಡುವಿನ ಎಂಜಿನ್ ಗೋಡೆಯಲ್ಲಿರುವ ಕನೆಕ್ಟರೂ ಬಿಸಿಯಾಗಿ ಕಂದುಬಣ್ಣಕ್ಕೆ ತಿರುಗಿವೆಯೇ ಎಂದು ನೋಡಿ. ಕೊನೆಗೆ ಮೀಟರನ್ನು ಎಸಿ ವೋಲ್ಟ್‌ಗೆ ತಿರುಗಿಸಿ ಬ್ಯಾಟರಿಯ ಮೇಲೆ ಅಳೆಯಿರಿ. ಎಂಜಿನ್ ಓಡುವಾಗ 0.5 ವೋಲ್ಟಿಗಿಂತ ಹೆಚ್ಚು ಎಸಿ ಕಂಡರೆ, ಎಸಿಯನ್ನು ಡಿಸಿಯಾಗಿಸುವ ಆಲ್ಟರ್ನೇಟರಿನ ಡಯೋಡ್ ಕೆಟ್ಟಿರುವ ಸಂಭವ ಹೆಚ್ಚು.

ಎಂಜಿನ್ ಓಡುವಾಗ ಬ್ಯಾಟರಿ ಕೇಬಲ್ ಕಳಚಿ, ನಿಲ್ಲದಿದ್ದರೆ ಆಲ್ಟರ್ನೇಟರ್ ಸರಿಯಿದೆ ಎಂದು ತೀರ್ಮಾನಿಸುವ ಹಳೆಯ ಪದ್ಧತಿಯನ್ನು ದಯವಿಟ್ಟು ಬಿಟ್ಟುಬಿಡಿ. ಕಳಚಿದ ಕ್ಷಣದಲ್ಲಿ ಏಳುವ ವೋಲ್ಟೇಜ್ ಡಯೋಡ್‌ಗಳನ್ನೂ, ಇದ್ದರೆ ಕಂಪ್ಯೂಟರನ್ನೂ ಹಾಳು ಮಾಡುತ್ತದೆ.

## ಹಂತ 5: ಫ್ಯೂಸ್, ಫ್ಯೂಸಿಬಲ್ ಲಿಂಕ್, ರಿಲೇ

ಫ್ಯೂಸನ್ನು ಕಣ್ಣಿನಿಂದ ನೋಡಿ ಸರಿಯಿದೆ ಎನ್ನಬೇಡಿ. ಟೆಸ್ಟ್ ಲ್ಯಾಂಪಿನ ಕ್ಲಿಪ್ಪನ್ನು ಬ್ಯಾಟರಿ ನೆಗೆಟಿವ್‌ಗೆ ಕಚ್ಚಿಸಿ, ಫ್ಯೂಸಿನ ಎರಡೂ ಬದಿಗೆ ಮುಟ್ಟಿಸಿ. ಎರಡೂ ಕಡೆ ಉರಿದರೆ ಫ್ಯೂಸ್ ಸರಿ. ಒಂದೇ ಕಡೆ ಉರಿದರೆ ಅದು ಸುಟ್ಟಿದೆ ಅಥವಾ ಹಿಡಿತ ಸಡಿಲವಾಗಿದೆ. ಎರಡೂ ಕಡೆ ಉರಿಯದಿದ್ದರೆ ಫ್ಯೂಸಿಗೇ ವಿದ್ಯುತ್ ಬರುತ್ತಿಲ್ಲ. ಕೆಲವು ಫ್ಯೂಸ್‌ಗಳಿಗೆ ಕೀ ಆನ್ ಇದ್ದಾಗ ಮಾತ್ರ ವಿದ್ಯುತ್ ಬರುತ್ತದೆ. ಗಾಜಿನ ಕೊಳವೆಯ ಫ್ಯೂಸ್‌ಗಳಲ್ಲಿ ತುದಿಯ ಟೋಪಿಗೂ ಅದನ್ನು ಹಿಡಿಯುವ ತಗಡಿಗೂ ನಡುವೆ ಕಿಲುಬು ಸೇರಿ ತೊಂದರೆ ಕೊಡುವುದು ಬಹಳ.

ಫ್ಯೂಸ್ ಡಬ್ಬಿಗೇ ವಿದ್ಯುತ್ ಬಾರದಿದ್ದರೆ ಬ್ಯಾಟರಿ ಅಥವಾ ಸ್ಟಾರ್ಟರಿನ ಹತ್ತಿರವಿರುವ ಫ್ಯೂಸಿಬಲ್ ಲಿಂಕ್ ನೋಡಿ. ಇದು ತಾನು ಕಾಪಾಡುವ ವೈರಿಗಿಂತ ತೆಳ್ಳಗಿರುವ, ಬೆಂಕಿ ಹಿಡಿಯದ ಹೊದಿಕೆಯ ಒಂದು ಗೇಣಿನಷ್ಟು ವೈರು. ಮೆಲ್ಲಗೆ ಎಳೆದಾಗ ರಬ್ಬರಿನಂತೆ ಹಿಗ್ಗಿದರೆ ಒಳಗಿನ ತಂತಿ ಕರಗಿಹೋಗಿದೆ. ಹೊದಿಕೆಯ ಮೇಲೆ ಗುಳ್ಳೆ ಎದ್ದಿದ್ದರೂ ಅದೇ ಅರ್ಥ. ಅದರ ಜಾಗದಲ್ಲಿ ಸಾಧಾರಣ ವೈರು ಹಾಕಿದರೆ ಮುಂದಿನ ಸಲ ಸುಡುವುದು ಇಡೀ ಹಾರ್ನೆಸ್, ಅಂದರೆ ವೈರುಗಳ ಕಟ್ಟು.

ರಿಲೇ ಎಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಯಿಸುವ ಸ್ವಿಚ್ಚು. ಸಾಮಾನ್ಯ ರಿಲೇಯಲ್ಲಿ 85 ಮತ್ತು 86 ಎಂಬ ಸಂಖ್ಯೆಯವು ಕಾಯಿಲಿನ ತುದಿಗಳು, 30ಕ್ಕೆ ಬ್ಯಾಟರಿಯ ವಿದ್ಯುತ್ ಬರುತ್ತದೆ, 87ರಿಂದ ಉಪಕರಣಕ್ಕೆ ಹೋಗುತ್ತದೆ. ಟಕ್ ಎಂದು ಸದ್ದು ಮಾಡಿತೆಂದರೆ ಕಾಯಿಲ್ ಸರಿಯಿದೆ ಎಂದಷ್ಟೇ ತಿಳಿಯುತ್ತದೆ, ಸಂಪರ್ಕಬಿಂದು ಸುಟ್ಟಿರಬಹುದು. ಉಪಕರಣ ಚಾಲೂ ಇರುವಾಗ 30 ಮತ್ತು 87ರ ನಡುವೆ ವೋಲ್ಟೇಜ್ ಅಳೆದು, 0.2ಕ್ಕಿಂತ ಹೆಚ್ಚಿದ್ದರೆ ರಿಲೇ ಬದಲಿಸಿ.

## ಹಂತ 6: ಕೆಟ್ಟಿರುವ ಒಂದು ಸರ್ಕ್ಯೂಟನ್ನು ಬೆನ್ನಟ್ಟುವುದು

ಎಡ ಟೇಲ್ ಲೈಟ್ ಮಂಕಾಗಿದೆ ಎಂದುಕೊಳ್ಳೋಣ. ಬ್ಯಾಟರಿಯ ನೆಗೆಟಿವ್‌ನಿಂದ ಉದ್ದ ವೈರನ್ನು ಹಿಂದಕ್ಕೆ ತಂದು ಮೀಟರಿನ ಕಪ್ಪು ಕಡ್ಡಿಗೆ ಸೇರಿಸಿ. ಬಲ್ಬ್ ಹೋಲ್ಡರಿನಲ್ಲಿ ಇದ್ದು ಉರಿಯುತ್ತಿರಬೇಕು, ಅದನ್ನು ತೆಗೆದು ಅಳೆದರೆ ಅಳತೆಗೆ ಬೆಲೆಯಿಲ್ಲ. ಹೋಲ್ಡರಿನ ಹಿಂದಿನಿಂದ, ವಿದ್ಯುತ್ ಬರುವ ತುದಿಗೆ ಕೆಂಪು ಕಡ್ಡಿ ಮುಟ್ಟಿಸಿದಾಗ 12.1 ವೋಲ್ಟ್ ಬಂತು, ಬ್ಯಾಟರಿಯ ಮೇಲೆ ಆಗ 12.5 ಇತ್ತು ಎಂದರೆ ಬರುವ ದಾರಿಯಲ್ಲಿ ಕಳೆದದ್ದು 0.4, ಹಳೆಯ ಲೈಟಿಗೆ ಇದು ಸಹ್ಯ. ಈಗ ಅದೇ ಕೆಂಪು ಕಡ್ಡಿಯನ್ನು ಹೋಲ್ಡರಿನ ಲೋಹದ ಮೈಗೆ ಮುಟ್ಟಿಸಿ. ಅಲ್ಲಿ ಸೊನ್ನೆಯ ಹತ್ತಿರ ಬರಬೇಕಾದದ್ದು 3.4 ಬಂದರೆ, ಬಲ್ಬಿಗೆ ಸಿಗುತ್ತಿರುವುದು 8.7 ವೋಲ್ಟ್ ಮಾತ್ರ, ಮತ್ತು ದೋಷ ಪೂರ್ತಿಯಾಗಿ ಅರ್ಥಿಂಗ್ ಕಡೆಗಿದೆ. ಬಲ್ಬು, ಸ್ವಿಚ್ಚು, ಫ್ಯೂಸು ಯಾವುದನ್ನೂ ಮುಟ್ಟಬೇಕಿಲ್ಲ. ಆ ಹೋಲ್ಡರಿನ ಅರ್ಥ್ ವೈರು ಚಾಸಿಗೆ ಸೇರುವ ಸ್ಕ್ರೂ ಹುಡುಕಿ, ಬಿಚ್ಚಿ, ಬಣ್ಣ ಮತ್ತು ತುಕ್ಕು ಕೆರೆದು ಮರಳಿ ಬಿಗಿಯಿರಿ.

ಹಿಂದಿನ ಲೈಟುಗಳ ಅರ್ಥಿಂಗ್ ಕೆಟ್ಟಿರುವುದನ್ನು ಮೀಟರ್ ಇಲ್ಲದೆಯೂ ಊಹಿಸಬಹುದು. ಬ್ರೇಕ್ ಒತ್ತಿದಾಗ ಇಂಡಿಕೇಟರ್ ಕೂಡ ಮಂಕಾಗಿ ಹೊತ್ತಿಕೊಂಡರೆ, ಅಥವಾ ಇಂಡಿಕೇಟರ್ ಮಿನುಗುವಾಗ ಟೇಲ್ ಲೈಟೂ ಅದರ ಜೊತೆಗೆ ಮಿನುಗಿದರೆ, ನೇರ ದಾರಿ ಸಿಗದ ಕರೆಂಟ್ ಪಕ್ಕದ ಬಲ್ಬಿನೊಳಗಿನ ತಂತಿಯ (ಫಿಲಮೆಂಟ್) ಮೂಲಕ ಹಿಂದಿರುಗುತ್ತಿದೆ ಎಂದರ್ಥ. ಎರಡು ತಂತಿಯ ಬಲ್ಬಿನ ಜಾಗದಲ್ಲಿ ಒಂದು ತಂತಿಯ ಬಲ್ಬ್ ಹಾಕಿದಾಗಲೂ ಇಂಥದೇ ವಿಚಿತ್ರ ನಡೆಯುತ್ತದೆ.

ಹೆಡ್‌ಲೈಟ್ ಮಂಕಾಗಿರುವ ದೂರು ಬೇರೆ ಬಗೆಯದು. ಹಲವು ಹಳೆಯ ವಾಹನಗಳಲ್ಲಿ ರಿಲೇ ಇಲ್ಲದೆ, ಹೆಡ್‌ಲೈಟಿನ ಪೂರ್ತಿ ಕರೆಂಟ್ ಸ್ವಿಚ್ ಮತ್ತು ಡಿಮ್ಮರ್ ಮೂಲಕ ಹಾದು ಬರುತ್ತದೆ. 60 ವ್ಯಾಟಿನ ಎರಡು ಬಲ್ಬುಗಳೆಂದರೆ ಸುಮಾರು 10 ಆಂಪಿಯರ್. ಹಳೆಯ ಸ್ವಿಚ್ಚಿನಲ್ಲಿ ಒಂದೂವರೆ ಎರಡು ವೋಲ್ಟ್ ಕಳೆದುಹೋಗಿ, ಸ್ವಿಚ್ ಮುಟ್ಟಲಾರದಷ್ಟು ಬಿಸಿಯಾಗುತ್ತದೆ. ಸ್ವಿಚ್ ಬದಲಿಸುವುದಕ್ಕಿಂತ, ಬ್ಯಾಟರಿಯಿಂದ ಫ್ಯೂಸ್ ಸಹಿತ ದಪ್ಪ ವೈರು ಎಳೆದು ರಿಲೇ ಹಾಕುವುದೇ ನನ್ನ ದೃಷ್ಟಿಯಲ್ಲಿ ಸರಿಯಾದ ಪರಿಹಾರ. ಹೆಚ್ಚು ವ್ಯಾಟಿನ ಬಲ್ಬ್ ಹಾಕುವುದು ಪರಿಹಾರವಲ್ಲ, ಸ್ವಿಚ್ಚಿಗೆ ಬೆಂಕಿ ಇಡುವ ದಾರಿ.

## ಹಂತ 7: ಫ್ಯೂಸ್ ಮತ್ತೆ ಮತ್ತೆ ಸುಟ್ಟರೆ

ಹೆಚ್ಚಿನ ಆಂಪಿಯರಿನ ಫ್ಯೂಸನ್ನೋ, ತಂತಿಯ ತುಂಡನ್ನೋ ಅಲ್ಲಿ ಹಾಕಬಾರದು. ಫ್ಯೂಸಿನ ಬದಲು ಹಳೆಯ ಹೆಡ್‌ಲೈಟ್ ಬಲ್ಬಿನ ಎರಡು ವೈರುಗಳನ್ನು ಆ ಜಾಗಕ್ಕೆ ಸೇರಿಸಿ. ಷಾರ್ಟ್ ಇರುವವರೆಗೆ ಬಲ್ಬ್ ಪೂರ್ತಿ ಪ್ರಕಾಶದಿಂದ ಉರಿಯುತ್ತದೆ, ಕರೆಂಟನ್ನು ಬಲ್ಬೇ ತಡೆಹಿಡಿಯುವುದರಿಂದ ವೈರಿಗೆ ಹಾನಿಯಾಗುವುದಿಲ್ಲ. ಬಲ್ಬ್ ಬಿಸಿಯಾಗುತ್ತದೆ, ಸೀಟಿನ ಬಟ್ಟೆಗೆ ತಾಗದಂತೆ ನೇತುಹಾಕಿ. ಈಗ ಆ ಫ್ಯೂಸಿಗೆ ಸೇರಿದ ಕನೆಕ್ಟರುಗಳನ್ನು ಒಂದೊಂದಾಗಿ ಕಳಚುತ್ತಾ, ಹಾರ್ನೆಸನ್ನು ಅಲುಗಿಸುತ್ತಾ ಹೋಗಿ. ಬಲ್ಬ್ ಮಂಕಾದ ಅಥವಾ ಆರಿದ ಕ್ಷಣದಲ್ಲಿ ನಿಮ್ಮ ಕೈ ಎಲ್ಲಿತ್ತೋ ದೋಷ ಅಲ್ಲಿದೆ.

ಪಿಕಪ್‌ನಲ್ಲಿ ಮೊದಲು ನೋಡಬೇಕಾದ ಜಾಗಗಳೆಂದರೆ, ಚಾಸಿಯ ಉದ್ದಕ್ಕೂ ಹಾರ್ನೆಸ್ ಹಿಡಿಯುವ ತಗಡಿನ ಕ್ಲಿಪ್ಪುಗಳು, ಇಂಧನ ಟ್ಯಾಂಕಿನ ಮೇಲ್ಭಾಗ, ಸೈಲೆನ್ಸರ್ ಹತ್ತಿರ ಜಾರಿದ ವೈರುಗಳು, ಎಂಜಿನ್ ಗೋಡೆಯ ತೂತಿನ ರಬ್ಬರ್ ಬಳೆ ಮತ್ತು ಟ್ರೇಲರ್ ಸಾಕೆಟ್.

## ಹಂತ 8: ನಿಂತಲ್ಲಿಯೇ ಬ್ಯಾಟರಿ ಇಳಿದರೆ

ಎಲ್ಲ ಆರಿಸಿ, ಕೀ ತೆಗೆದು, ಬಾಗಿಲಿನ ಸ್ವಿಚ್ಚನ್ನು ಒತ್ತಿಹಿಡಿಯುವಂತೆ ಟೇಪ್ ಹಾಕಿ. ಮೀಟರಿನ ಕೆಂಪು ವೈರನ್ನು 10 ಆಂಪಿಯರ್ ತೂತಿಗೆ ಬದಲಿಸಿ, ನೆಗೆಟಿವ್ ಕೇಬಲ್ ಕಳಚಿ, ಗೂಟಕ್ಕೂ ಕೇಬಲ್ಲಿಗೂ ನಡುವೆ ಮೀಟರ್ ಸೇರಿಸಿ. ಈ ಸ್ಥಿತಿಯಲ್ಲಿ ಕೀ ತಿರುಗಿಸಿದರೆ ಅಥವಾ ಸೆಲ್ಫ್ ಹೊಡೆದರೆ ಮೀಟರಿನ ಫ್ಯೂಸ್ ಹೋಗುತ್ತದೆ. ಕೆಲಸ ಮುಗಿದ ಮೇಲೆ ಕೆಂಪು ವೈರನ್ನು ಮರಳಿ ವೋಲ್ಟಿನ ತೂತಿಗೆ ಹಾಕಲು ಮರೆತರೆ ಮುಂದಿನ ವೋಲ್ಟೇಜ್ ಅಳತೆಯೇ ಒಂದು ಷಾರ್ಟ್ ಆಗುತ್ತದೆ.

ಕಂಪ್ಯೂಟರ್ ಇರುವ ವಾಹನವಾದರೆ ಅರ್ಧ ಗಂಟೆ ಕಾಯಿರಿ. 50 ಮಿಲಿ ಆಂಪಿಯರ್‌ಗಿಂತ ಕಡಿಮೆಯಿದ್ದರೆ ಚಿಂತೆಯಿಲ್ಲ. ಗಡಿಯಾರ ಮತ್ತು ರೇಡಿಯೋ ಬಿಟ್ಟರೆ ಬೇರೇನೂ ಇಲ್ಲದ ಹಳೆಯ ವಾಹನದಲ್ಲಿ ಇನ್ನೂ ಬಹಳ ಕಡಿಮೆ ಇರಬೇಕು. 500 ಮಿಲಿ ಆಂಪಿಯರ್ ಸೋರುತ್ತಿದ್ದರೆ ದಿನಕ್ಕೆ 12 ಆಂಪಿಯರ್ ಅವರ್ ಹೋಗುತ್ತದೆ, ಅಂದರೆ 60 ಆಂಪಿಯರ್ ಅವರಿನ ಬ್ಯಾಟರಿ ಎರಡೂವರೆ ದಿನದಲ್ಲಿ ಅರ್ಧ ಖಾಲಿ.

ಫ್ಯೂಸ್‌ಗಳನ್ನು ಒಂದೊಂದಾಗಿ ಕೀಳುತ್ತಾ ಅಂಕಿ ಯಾವಾಗ ಬೀಳುತ್ತದೆ ಎಂದು ನೋಡಿ. ಬೋನೆಟ್ಟಿನ ಒಳಗಿನ ದೀಪ, ಡ್ಯಾಶ್‌ಬೋರ್ಡಿನ ಡಬ್ಬಿಯ ದೀಪ, ಅಂಟಿಕೊಂಡ ರಿಲೇ, ಆಮೇಲೆ ಹಾಕಿದ ಸ್ಟೀರಿಯೋ ಆಂಪ್ಲಿಫೈಯರ್ ಇವು ಸಾಮಾನ್ಯ ಕಾರಣಗಳು. ಎಲ್ಲ ಫ್ಯೂಸ್ ಕಿತ್ತರೂ ಅಂಕಿ ಬೀಳದಿದ್ದರೆ ಫ್ಯೂಸ್ ಡಬ್ಬಿಯ ಮೂಲಕ ಹಾದುಹೋಗದ ಸರ್ಕ್ಯೂಟನ್ನು ಸಂಶಯಿಸಬೇಕು, ಮೊದಲನೆಯದು ಆಲ್ಟರ್ನೇಟರ್. ಬ್ಯಾಟರಿ ಪೂರ್ತಿ ಕಳಚಿ, ಆಲ್ಟರ್ನೇಟರಿನ ದಪ್ಪ ವೈರನ್ನು ಬಿಚ್ಚಿ ಟೇಪ್ ಸುತ್ತಿ, ಮತ್ತೆ ಅಳೆಯಿರಿ. ಸೋರಿಕೆ ನಿಂತರೆ ಡಯೋಡ್ ಕೆಟ್ಟಿದೆ.

## ಹಂತ 9: ಬಂದು ಹೋಗುವ ದೋಷ

ದೋಷ ಇರುವಾಗ ಮಾತ್ರ ಅದನ್ನು ಹುಡುಕಲು ಸಾಧ್ಯ, ಹಾಗಾಗಿ ಅದನ್ನು ಬರಿಸುವುದೇ ಮೊದಲ ಕೆಲಸ. ಸರ್ಕ್ಯೂಟ್ ಚಾಲೂ ಇಟ್ಟು ಹಾರ್ನೆಸನ್ನು ಗೇಣು ಗೇಣಾಗಿ ಬಗ್ಗಿಸಿ, ಕನೆಕ್ಟರುಗಳನ್ನು ಮೆಲ್ಲಗೆ ತಟ್ಟಿ, ಮಳೆಯಲ್ಲಿ ಕೆಡುವುದಾದರೆ ಕನೆಕ್ಟರಿನ ಹೊರಮೈಗೆ ಮಾತ್ರ ನೀರು ಸಿಂಪಡಿಸಿ. ಬಾಗಿಲಿನ ಕೀಲಿನ ಬಳಿ ಸಾವಿರಾರು ಸಲ ಬಗ್ಗಿದ ವೈರು ಹೊರಗೆ ಸರಿಯಿದ್ದು ಒಳಗೆ ತುಂಡಾಗಿರುತ್ತದೆ. ಮೆಲ್ಲಗೆ ಎಳೆದಾಗ ಒಂದು ಜಾಗದಲ್ಲಿ ಮಾತ್ರ ಹೊದಿಕೆ ಹಿಗ್ಗಿದರೆ ಅಲ್ಲಿಯೇ ಸುಲಿದು ನೋಡಿ. ಓಡಿಸುವಾಗ ಮಾತ್ರ ಕೆಡುವುದಾದರೆ, ಸಂಶಯವಿರುವ ವೈರಿಗೆ ಫ್ಯೂಸ್ ಸಹಿತ ಟೆಸ್ಟ್ ಲ್ಯಾಂಪ್ ಸೇರಿಸಿ, ಅದನ್ನು ಜೊತೆಗೆ ಕುಳಿತವರು ನೋಡುತ್ತಿರಲಿ. ಚಾಲಕರು ರಸ್ತೆಯನ್ನೇ ನೋಡಬೇಕು.

ಈ ಯಾವುದೇ ಪರೀಕ್ಷೆಯ ನಡುವೆ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಬಂದರೆ, ಕೈಗೆ ವೈರು ಬಿಸಿಯಾಗಿ ತಾಗಿದರೆ ಅಥವಾ ಬ್ಯಾಟರಿ ಉಬ್ಬಿ ಕಂಡರೆ ಕೂಡಲೇ ಎಲ್ಲ ಸ್ವಿಚ್ ಆರಿಸಿ. ವೈರು ಬಿಸಿಯಾಗಿದ್ದರೆ ನೆಗೆಟಿವ್ ಕೇಬಲ್ ಕಳಚಿ. ಬ್ಯಾಟರಿಯೇ ಉಬ್ಬಿದ್ದರೆ ಅಥವಾ ಅನಿಲ ಬಿಡುತ್ತಿದ್ದರೆ, ಅದರ ಹತ್ತಿರ ಕಿಡಿ ಹಾರದಂತೆ ದೂರ ಸರಿದು, ಅದು ತಣಿದು ಗಾಳಿಯಾಡಿದ ಮೇಲೆ ಕಳಚಿ. ಹಳದಿ ಬಣ್ಣದ ಕನೆಕ್ಟರ್ ಅಥವಾ ಹಳದಿ ಕೊಳವೆಯ ವೈರು ಸಾಮಾನ್ಯವಾಗಿ ಏರ್‌ಬ್ಯಾಗಿನದು. ಅದನ್ನು ಅಳೆಯಬೇಡಿ, ಪರಿಣತರಿಗೆ ಬಿಡಿ.

## ಹಂತ 10: ದುರಸ್ತಿ ಮತ್ತು ಮರು ಅಳತೆ

ಬ್ಯಾಟರಿ ಗೂಟಗಳ ಬಿಳಿ ಹಿಟ್ಟನ್ನು ಅಡುಗೆ ಸೋಡಾ ಬೆರೆಸಿದ ನೀರಿನಿಂದ ತೊಳೆದು, ತಂತಿ ಬ್ರಷ್‌ನಿಂದ ಹೊಳೆಯುವವರೆಗೆ ಉಜ್ಜಿ, ಕ್ಲ್ಯಾಂಪ್ ಬಿಗಿದ ನಂತರ ಮೇಲೆ ಗ್ರೀಸ್ ಹಚ್ಚಿ. ಸೋಡಾ ನೀರು ಬ್ಯಾಟರಿಯ ಒಳಗೆ ಹೋಗಬಾರದು. ಅರ್ಥಿಂಗ್ ಜಾಗದಲ್ಲಿ ಬಣ್ಣವನ್ನು ಬರಿ ಲೋಹ ಕಾಣುವವರೆಗೆ ಕೆರೆದು, ಹಲ್ಲಿನ ವಾಷರ್ ಹಾಕಿ ಬಿಗಿದು, ಆಮೇಲೆ ಮೇಲಿಂದ ಬಣ್ಣ ಅಥವಾ ಗ್ರೀಸ್ ಹಚ್ಚಿ.

ತುಂಡಾದ ವೈರನ್ನು ಅದೇ ದಪ್ಪದ ವೈರಿನಿಂದ, ಸರಿಯಾದ ಅಳತೆಯ ತಾಮ್ರದ ಕೊಳವೆಯಿಂದ ಕ್ರಿಂಪ್ ಮಾಡಿ, ಅಂಟಿನ ಹೀಟ್‌ಶ್ರಿಂಕ್ ಹಾಕಿ. ಕ್ರಿಂಪ್ ಮಾಡಿದ ಮೇಲೆ ಕೈಯಿಂದ ಗಟ್ಟಿಯಾಗಿ ಎಳೆಯಿರಿ. ಕಳಚಿ ಬಂದರೆ ಅದು ರಸ್ತೆಯಲ್ಲೂ ಕಳಚುತ್ತಿತ್ತು. ಸೋಲ್ಡರ್ ಹಾಕಿದ ವೈರು ಬೆಸುಗೆ ಮುಗಿಯುವ ಜಾಗದಲ್ಲಿ ಗಡುಸಾಗಿ, ಅದುರಾಟಕ್ಕೆ ತುಂಡಾಗುತ್ತದೆ, ಆದ್ದರಿಂದ ಚಾಸಿಯ ಮೇಲೆ ಕ್ರಿಂಪನ್ನೇ ಆರಿಸುತ್ತೇನೆ. ತಿರುಚಿ ಟೇಪ್ ಸುತ್ತುವುದನ್ನು ತಾತ್ಕಾಲಿಕವಾಗಿಯೂ ಮಾಡಬೇಡಿ.

ಕೊನೆಗೆ, ದೋಷ ಕಂಡಾಗ ಯಾವ ಎರಡು ಬಿಂದುಗಳ ನಡುವೆ ಅಳೆದಿದ್ದಿರೋ ಅಲ್ಲಿಯೇ, ಅದೇ ಸರ್ಕ್ಯೂಟ್ ಚಾಲೂ ಇಟ್ಟು ಮತ್ತೆ ಅಳೆಯಿರಿ. 3.4 ಇದ್ದದ್ದು 0.1ಕ್ಕೆ ಬಂದಿದ್ದರೆ ದುರಸ್ತಿ ಆಗಿದೆ. 1.2ಕ್ಕೆ ಬಂದಿದ್ದರೆ ಲೈಟ್ ಚೆನ್ನಾಗಿ ಉರಿಯುತ್ತಿರುವಂತೆ ಕಂಡರೂ ದಾರಿಯಲ್ಲಿ ಇನ್ನೊಂದು ಕೆಟ್ಟ ಜೋಡಣೆ ಉಳಿದಿದೆ. ಹಳೆಯ ಅಂಕಿ, ಹೊಸ ಅಂಕಿ, ಬದಲಿಸಿದ ವೈರಿನ ಬಣ್ಣ ಮತ್ತು ಜಾಗ ಇಷ್ಟನ್ನು ವೈರಿಂಗ್ ನಕ್ಷೆಯ ಅಂಚಿನಲ್ಲಿ ಬರೆದಿಡಿ.